ಮತ್ತೊಮ್ಮೆ ಹೋಗಿ ನೋಡಿದ ವರ್ಷ

ಜೂನ್ 30ಕ್ಕೆ ರೋಟರಿ ವರ್ಷ ಮುಗಿಯುತ್ತದೆ. ಅಧ್ಯಕ್ಷರ ಕೊರಳಪಟ್ಟಿ ಹೆಗಲು ಬದಲಿಸುವ ಮುನ್ನ ಕಾರ್ಯದರ್ಶಿಗಳು ವಾರ್ಷಿಕ ವರದಿ ಓದುತ್ತಾರೆ, ಕೋಶಾಧಿಕಾರಿಗಳು ಜಮಾ-ಖರ್ಚು ಒಪ್ಪಿಸುತ್ತಾರೆ. ವಾರ್ತಾಪತ್ರದ ಈ ಪುಟಕ್ಕೆ ಸಿಂಹಾವಲೋಕನ ಬರೆಯುವುದು ನಮ್ಮಲ್ಲಿ ನಡೆದುಬಂದ ರೂಢಿ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕ್ಲಬ್ಬು ನಮ್ಮದು. ಸದಸ್ಯರಲ್ಲಿ ಅಡಿಕೆ ಬೆಳೆಗಾರರಿದ್ದಾರೆ, ಔಷಧಿ ಅಂಗಡಿಯವರು, ವಕೀಲರು, ನಿವೃತ್ತ ಮೇಷ್ಟ್ರುಗಳು, ಒಂದಿಬ್ಬರು ವೈದ್ಯರು, ಸಹಕಾರಿ ಸಂಘದಲ್ಲಿ ಕೂದಲು ಹಣ್ಣು ಮಾಡಿಕೊಂಡವರು ಇದ್ದಾರೆ. ವರ್ಷದ ಕೆಲಸದ ಪಟ್ಟಿ ಉದ್ದವಾಗಿಯೇ ಇದೆ. ಶಿಬಿರ, ಸನ್ಮಾನ, ವಿತರಣೆ, ಜಾಥಾ, ಸ್ಪರ್ಧೆ ಎಲ್ಲವೂ ವರದಿಯಲ್ಲಿವೆ, ಫೋಟೊಗಳು ಆಲ್ಬಮ್ಮಿನಲ್ಲಿವೆ. ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಈ ವರ್ಷವನ್ನು ಅಳೆಯಲು ಒಂದೇ ಒಂದು ಪ್ರಶ್ನೆ ಸಾಕು. ಒಮ್ಮೆ ಹೋದ ಕಡೆಗೆ ಎಲ್ಲೆಲ್ಲಿ ಮತ್ತೊಮ್ಮೆ ಹೋದೆವು?

ಈ ಪ್ರಶ್ನೆ ನಮ್ಮದೇ ಸಂಸ್ಥೆಯ ಅತಿ ದೊಡ್ಡ ಕೆಲಸದಿಂದ ಬಂದದ್ದು. 1979ರಲ್ಲಿ ಫಿಲಿಪ್ಪೀನ್ಸ್ ದೇಶದ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೊ ಲಸಿಕೆ ಕೊಡಿಸುವ ಹೊಣೆಯನ್ನು ರೋಟರಿ ಹೊತ್ತುಕೊಂಡಿತು. ಅದು ಕೊಟ್ಟ ಧೈರ್ಯದಲ್ಲಿ 1985ರಲ್ಲಿ ಪೋಲಿಯೊ ಪ್ಲಸ್ ಯೋಜನೆ ಹುಟ್ಟಿತು. 12 ಕೋಟಿ ಡಾಲರ್ ಸಂಗ್ರಹಿಸೋಣವೆಂದು ಹೊರಟವರು 1988ರ ಹೊತ್ತಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಕೂಡಿಸಿದ್ದರು. ಆ ವರ್ಷ ಜಗತ್ತಿನ 125 ದೇಶಗಳಲ್ಲಿ ಪೋಲಿಯೊ ಇತ್ತು, ವರ್ಷಕ್ಕೆ ಅಂದಾಜು ಮೂರೂವರೆ ಲಕ್ಷ ಮಕ್ಕಳನ್ನು ಹಿಡಿಯುತ್ತಿತ್ತು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು ಶುರುವಾದವು. ಒಂದು ಸುತ್ತೆಂದರೆ ಸುಮಾರು 17 ಕೋಟಿ ಮಕ್ಕಳು, 20 ಲಕ್ಷಕ್ಕೂ ಹೆಚ್ಚು ಲಸಿಕಾ ಕಾರ್ಯಕರ್ತರು. ಬೂತ್ ಹಾಕಿ ಹನಿ ಹಾಕಿದ್ದು ನಮಗೆಲ್ಲ ನೆನಪಿದೆ. ಸಮವಸ್ತ್ರದ ಟೋಪಿ, ಬ್ಯಾನರು, ಐಸ್ ಪೆಟ್ಟಿಗೆ ಎಲ್ಲ ನೆನಪಿದೆ. ಆದರೆ ರೋಗವನ್ನು ಓಡಿಸಿದ್ದು ಭಾನುವಾರದ ಬೂತಿಗಿಂತ ಹೆಚ್ಚಾಗಿ ಸೋಮವಾರ, ಮಂಗಳವಾರದ ಮನೆ ಭೇಟಿ. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ‘ಪಿ’ ಎಂದು ಬರೆಯುತ್ತಿದ್ದರು. ಮಗು ಸಿಗಲಿಲ್ಲ, ಅಜ್ಜಿಮನೆಗೆ ಹೋಗಿದೆ, ನಿದ್ದೆ ಮಾಡುತ್ತಿದೆ, ಅಪ್ಪ ಬೇಡ ಎಂದರು ಎಂದಾದರೆ ‘ಎಕ್ಸ್’. ಆ ‘ಎಕ್ಸ್’ ಮನೆಗೆ ಮತ್ತೆ ಹೋಗಬೇಕು, ಆಗಲೂ ಆಗದಿದ್ದರೆ ಊರಿನಲ್ಲಿ ಮಾತು ನಡೆಯುವವರನ್ನು ಕರೆದುಕೊಂಡು ಮತ್ತೆ ಹೋಗಬೇಕು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡ ಒಂದೇ ಪ್ರಕರಣ ಕೊನೆಯದಾಯಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತವೆಂದು ಪ್ರಮಾಣೀಕರಿಸಿತು. ಬಿಟ್ಟುಹೋದ ಮನೆಗೆ ಮತ್ತೆ ಮತ್ತೆ ಹತ್ತಿ ಇಳಿದ ಕಾಲುಗಳಿಗೆ ಸಿಕ್ಕ ಪ್ರಮಾಣಪತ್ರ ಅದು. ಆ ಕಾಲುಗಳು ಹೆಚ್ಚಿನಂಶ ಅಂಗನವಾಡಿ, ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳದ್ದು. ನಾವು ಜೊತೆಗಿದ್ದೆವು ಎಂಬುದೇ ನಮ್ಮ ಹೆಮ್ಮೆ.

ಆ ಲೆಕ್ಕದಲ್ಲಿ ಈ ವರ್ಷದ ಕಣ್ಣಿನ ತಪಾಸಣೆಯನ್ನು ಮೊದಲು ಹೇಳಬೇಕು. ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳ ಸಹಾಯದಿಂದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಕ್ಕಳ ಕಣ್ಣು ಪರೀಕ್ಷಿಸಿದೆವು. ವರಾಂಡದಲ್ಲಿ ಟೇಪು ಹಿಡಿದು ಆರು ಮೀಟರ್ ಅಳೆದು, ನೆಲಕ್ಕೆ ಗೆರೆ ಎಳೆದು, ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸುವ ಸರಳ ಕೆಲಸ. ದೃಷ್ಟಿ ಕಡಿಮೆ ಇದ್ದ ಮಕ್ಕಳಿಗೆ ಕನ್ನಡಕ ಬರೆಸಿ, ಮಾಡಿಸಿ, ಒಂದು ಚಿಕ್ಕ ಸಮಾರಂಭದಲ್ಲಿ ಹಂಚಿದೆವು. ಹಿಂದಿನ ವರ್ಷಗಳಲ್ಲಾದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಆರೋಗ್ಯ ಸಮಿತಿಯವರು ಒಂದು ತೀರ್ಮಾನ ಮಾಡಿದ್ದರು: ಎರಡು ತಿಂಗಳು ಕಳೆದ ಮೇಲೆ ಹೇಳದೆ ಕೇಳದೆ ತರಗತಿಗೆ ಹೋಗಿ, ಕನ್ನಡಕ ಯಾರ ಮೂಗಿನ ಮೇಲಿದೆ ಎಂದು ನೋಡಬೇಕು.

ಹೋಗಿ ನೋಡಿದರೆ ಹಲವು ಕನ್ನಡಕಗಳು ಚೀಲದಲ್ಲಿದ್ದವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಂಪಾಸ್ ಪೆಟ್ಟಿಗೆಯಿಂದ ತನ್ನದನ್ನು ತೆಗೆದು ತೋರಿಸಿದಳು. ಒಂದು ಕಡ್ಡಿಯ ಸ್ಕ್ರೂ ಬಿದ್ದುಹೋಗಿ, ಅದನ್ನು ದಾರದಲ್ಲಿ ಕಟ್ಟಿ, ದಾರ ಕೆನ್ನೆಗೆ ತಾಗುತ್ತದೆಂದು ಬಿಟ್ಟಿದ್ದಳು. ಸರಿ ಮಾಡಿಸಲು ಪೇಟೆಗೆ ಬರಬೇಕು, ಬಸ್ ಚಾರ್ಜು ಬೇಕು, ಅಪ್ಪನಿಗೆ ಕೂಲಿ ತಪ್ಪುತ್ತದೆ. ಇನ್ನೊಬ್ಬ ಹುಡುಗನಿಗೆ ಕಟ್ಟು ಅಗಲವಾಗಿ, ಬಗ್ಗಿದರೆ ಜಾರಿ ಬೀಳುತ್ತಿತ್ತು. ಕೆಲವರಿಗೆ ಗೆಳೆಯರ ಕುಚೋದ್ಯದ ಭಯ. ನಮ್ಮ ಕ್ಲಬ್ಬಿನ ಸದಸ್ಯರಾಗಿರುವ ಕನ್ನಡಕದ ಅಂಗಡಿಯವರು ಮುಂದಿನ ವಾರವೇ ಒಂದು ಡಬ್ಬಿಯಲ್ಲಿ ಸ್ಕ್ರೂ, ಮೂಗಿನ ಗುಂಡಿ, ಪುಟ್ಟ ಸ್ಕ್ರೂಡ್ರೈವರು, ಕಡ್ಡಿ ಬಿಸಿ ಮಾಡಿ ಬಗ್ಗಿಸುವ ಸಾಮಾನು ಹಾಕಿಕೊಂಡು ಶಾಲೆಗೆ ಹೋದರು. ಮೇಷ್ಟ್ರ ಮೇಜಿನ ಮುಂದೆ ಕುಳಿತು ಅರ್ಧ ದಿನದಲ್ಲಿ ಎಲ್ಲವನ್ನೂ ರಿಪೇರಿ ಮಾಡಿದರು. ಖರ್ಚು ಲೆಕ್ಕಕ್ಕೆ ಬರುವಷ್ಟಿಲ್ಲ. ವರದಿಯಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ, ಏಕೆಂದರೆ ವರದಿಯ ನಮೂನೆಯಲ್ಲಿ ‘ರಿಪೇರಿ’ ಎಂಬ ಕಾಲಂ ಇಲ್ಲ. ಹುಡುಗಿ ಈಗ ಹಲಗೆಯ ಮೇಲಿನ ಲೆಕ್ಕವನ್ನು ಪಕ್ಕದವಳ ಪುಸ್ತಕ ನೋಡದೆ ಬರೆದುಕೊಳ್ಳುತ್ತಾಳೆ ಎಂದು ಗಣಿತದ ಶಿಕ್ಷಕಿ ಹೇಳಿದರು. ವರ್ಷದ ಅತ್ಯುತ್ತಮ ಯೋಜನೆ ಯಾವುದೆಂದು ಕೇಳಿದರೆ ನಮ್ಮ ಮತ ಆ ಡಬ್ಬಿಗೆ.

ಶಾಲೆಯ ಶೌಚಾಲಯದ ವಿಷಯವೂ ಹೀಗೆಯೇ. ರೋಟರಿಯ ಇತಿಹಾಸದಲ್ಲಿ ಮೊದಲ ಸಾರ್ವಜನಿಕ ಕೆಲಸವೇ ಶೌಚಾಲಯ ಎಂಬುದು ನಮ್ಮ ಹೊಸ ಸದಸ್ಯರಲ್ಲಿ ಎಷ್ಟೋ ಮಂದಿಗೆ ತಿಳಿದಿರಲಿಕ್ಕಿಲ್ಲ. 1905ರ ಫೆಬ್ರುವರಿ 23ರಂದು ಶಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಮೂವರು ಪರಿಚಿತರೊಡನೆ ಸೇರಿ ಶುರುಮಾಡಿದ್ದು ಸ್ನೇಹಕೂಟ. ಎರಡು ವರ್ಷವಾದ ಮೇಲೆ, 1907ರಲ್ಲಿ, ಆ ನಗರದ ಜನರಿಗೆ ಸಾರ್ವಜನಿಕ ಶೌಚಾಲಯ ಬೇಕೆಂದು ಕ್ಲಬ್ಬು ಹಟ ಹಿಡಿಯಿತು, ಅದನ್ನು ಆಗಮಾಡಿಸಿತು. ಸೇವೆ ಎಂಬುದು ನಮ್ಮ ಸಂಸ್ಥೆಗೆ ಅಂಟಿಕೊಂಡದ್ದು ಅಲ್ಲಿಂದ. ನಮ್ಮ ತಾಲ್ಲೂಕಿನ ಒಂದು ಶಾಲೆಯಲ್ಲಿ ಹಿಂದೊಂದು ವರ್ಷ ಕ್ಲಬ್ಬು ಕಟ್ಟಿಸಿಕೊಟ್ಟ ಹೆಣ್ಣುಮಕ್ಕಳ ಶೌಚಾಲಯ ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂಬಂತಿತ್ತು. ಗೋಡೆಯ ಮೇಲೆ ಚಕ್ರದ ಲಾಂಛನ ಹೊಳೆಯುತ್ತಿತ್ತು, ಬಾಗಿಲಿಗೆ ಬೀಗ. ಬೇಸಿಗೆಯಲ್ಲಿ ನೀರು ಏರುತ್ತಿರಲಿಲ್ಲ, ತೊಳೆಯುವವರಿಗೆ ಸಂಬಳವಿರಲಿಲ್ಲ. ಬೀಗ ಹಾಕಿದ ಮುಖ್ಯೋಪಾಧ್ಯಾಯಿನಿಯರನ್ನು ದೂರುವುದು ಸುಲಭ. ಬೀಗ ತೆಗೆದರೆ ಗಬ್ಬು ನಾತ, ಹಾಕಿದರೆ ಮಕ್ಕಳಿಗೆ ಸಂಕಟ ಎಂಬ ಇಕ್ಕಟ್ಟಿನಲ್ಲಿ ಅವರಿದ್ದರು. ಈ ವರ್ಷ ಹೊಸ ಕಟ್ಟಡದ ಬದಲು ಹಳೆಯದಕ್ಕೆ ಟ್ಯಾಂಕು, ಪೈಪು, ಮುಚ್ಚಳವಿರುವ ಕಸದ ಡಬ್ಬಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಹಾಕಿಸಿದೆವು. ಸ್ವಚ್ಛ ಮಾಡುವವರಿಗೆ ತಿಂಗಳ ತಿಂಗಳ ಸಂಭಾವನೆಯನ್ನು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಮೂಲಕ ಕೊಡುವ ಏರ್ಪಾಡಾಯಿತು. ಮುಂದಿನ ಅಧ್ಯಕ್ಷರೂ ಇದನ್ನು ನಿಲ್ಲಿಸದೆ ಮುಂದುವರಿಸುವುದಾಗಿ ನಿರ್ದೇಶಕ ಮಂಡಳಿಯಲ್ಲಿ ಠರಾವು ಮಾಡಿ ಸಹಿ ಹಾಕಿದ್ದಾರೆ. ಒಂದು ವರ್ಷದ ಅಧಿಕಾರದ ಅವಧಿ ರೋಟರಿಯ ಶಕ್ತಿ, ಎಲ್ಲರಿಗೂ ಅವಕಾಶ ಸಿಗುತ್ತದೆ. ಅದೇ ಅದರ ದೌರ್ಬಲ್ಯವೂ ಹೌದು. ಪ್ರತಿಯೊಬ್ಬ ಅಧ್ಯಕ್ಷರಿಗೂ ತಮ್ಮದೇ ಹೆಸರಿನ ಹೊಸ ಕಲ್ಲು ಬೇಕೆನಿಸಿದರೆ ಹಿಂದಿನವರ ಕಲ್ಲು ಪಾಚಿ ಹಿಡಿಯುತ್ತದೆ.

ಇನ್ನು ವಾರದ ಸಭೆಗಳು. 2016ರಲ್ಲಿ ರೋಟರಿಯ ಶಾಸನ ಸಭೆ ಕ್ಲಬ್ಬುಗಳಿಗೆ ಸಡಿಲ ಕೊಟ್ಟಿತು. ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆಸಿದರೂ ಸಾಕು. ಅಂದಿನಿಂದ ಪ್ರತಿ ವರ್ಷ ನಮ್ಮಲ್ಲಿ ಒಂದು ಚರ್ಚೆ ಏಳುತ್ತದೆ: ಹದಿನೈದು ದಿನಕ್ಕೊಮ್ಮೆ ಮಾಡೋಣವೆ? ಈ ವರ್ಷವೂ ಎದ್ದಿತು. ಹಾಜರಾತಿ ಕಡಿಮೆ, ಮಳೆಗಾಲದಲ್ಲಿ ಹಳ್ಳಿಯಿಂದ ಬರುವುದು ಕಷ್ಟ, ಕೊಯ್ಲಿನ ದಿನಗಳಲ್ಲಿ ತೋಟದ ಮನೆಯವರಿಗೆ ಪುರುಸೊತ್ತಿಲ್ಲ ಎಂಬ ಕಾರಣಗಳು ನಿಜವಾದವೇ. ಆದರೂ ವಾರದ ಸಭೆ ಇರಬೇಕೆಂದೇ ನಾವು ವಾದಿಸುತ್ತೇವೆ. ಕಡಿಮೆಯಾಗಬೇಕಾದ್ದು ಬೇರೆ. ಸಂಜೆ ಏಳೂವರೆಗೆ ಗಂಟೆ ಬಾರಿಸಿ ಶುರುವಾದ ಸಭೆಯಲ್ಲಿ ಪ್ರಾರ್ಥನೆ, ಸ್ವಾಗತ, ಅತಿಥಿ ಪರಿಚಯ, ಹುಟ್ಟುಹಬ್ಬದ ಶುಭಾಶಯ, ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ವೇದಿಕೆಯಲ್ಲಿರುವ ಪ್ರತಿಯೊಬ್ಬರ ಹೆಸರೆತ್ತಿ ನಾಲ್ಕು ನಾಲ್ಕು ಸಲ ವಂದನೆ ಆಗುವ ಹೊತ್ತಿಗೆ ಊಟದ ಪಾತ್ರೆಗಳ ಸದ್ದು ಕೇಳತೊಡಗುತ್ತದೆ. ದೂರದಿಂದ ಬಂದ ಅತಿಥಿಗೆ ಉಳಿಯುವುದು ಹತ್ತು ನಿಮಿಷ. ಗೌರವ ಕೊಡುವುದಾದರೆ ಅವರ ಮಾತಿಗೆ ಸಮಯ ಕೊಡಬೇಕು.

ಈ ವರ್ಷ ಆ ಸಮಯ ಕೊಟ್ಟ ಸಂಜೆಗಳೂ ಇದ್ದವು. ಮಳೆಗಾಲಕ್ಕೆ ಮುಂಚೆ ಊರಿನ ಲೈನ್‌ಮನ್ ಒಬ್ಬರನ್ನು ಕರೆದಿದ್ದೆವು. ಮೈಕು ಹಿಡಿದು ಮಾತನಾಡಿ ಅಭ್ಯಾಸವಿಲ್ಲದವರು. ಮೊದಲೆರಡು ನಿಮಿಷ ತಡವರಿಸಿ, ಆಮೇಲೆ ಮೇಜಿನ ಮೇಲಿದ್ದ ಲೋಟ, ಚಮಚ ಇಟ್ಟುಕೊಂಡು ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್), ಲೈನು ಎಂದು ತೋರಿಸುತ್ತ ಹೋದರು. ಮರ ಬಿದ್ದು ತಂತಿ ಹರಿದಾಗ ವಿದ್ಯುತ್ ಸ್ಟೇಷನ್ನಿಗೆ ಫೋನು ಮಾಡಿ, ಲೈನು ಬಂದ್ ಆಗಿದೆಯೆಂಬ ಖಾತ್ರಿಯಾದ ‘ಎಲ್‌ಸಿ’ ತೆಗೆದುಕೊಂಡೇ ಕಂಬ ಹತ್ತುವುದು, ಹತ್ತುವ ಮೊದಲು ತಂತಿಗೆ ಅರ್ತ್ ಕೊಡುವುದು ಎಲ್ಲ ಹೇಳಿ, “ಇಷ್ಟೆಲ್ಲ ಮಾಡಿದ್ರೂ ನಮ್ಮನ್ನ ಕೊಲ್ಲೋದು ನಿಮ್ಮ ಮನೆ ಜನರೇಟರು ಸಾರ್” ಎಂದರು. ಸಭೆ ಸ್ತಬ್ಧವಾಯಿತು. ಮನೆಯ ಜನರೇಟರಿಗೆ ಚೇಂಜ್‌ಓವರ್ ಸ್ವಿಚ್ ಇಲ್ಲದೆ ನೇರ ವೈರಿಂಗಿಗೆ ಕೊಟ್ಟರೆ ಕರೆಂಟು ಹಿಂದಕ್ಕೆ ಹರಿದು ಟಿಸಿ ಸೇರುತ್ತದೆ, ಅಲ್ಲಿ 230 ವೋಲ್ಟು 11,000 ವೋಲ್ಟಾಗಿ ಏರಿ, ಸತ್ತಿದೆಯೆಂದುಕೊಂಡ ಲೈನಿಗೆ ಜೀವ ಬರುತ್ತದೆ. ಆ ರಾತ್ರಿ ಮನೆಗೆ ಹೋದ ಸದಸ್ಯರಲ್ಲಿ ಹಲವರು ಮರುದಿನವೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸ್ವಿಚ್ ಹಾಕಿಸಿದರು. ಒಂದು ಸಭೆಯಿಂದ ಒಬ್ಬ ಮನುಷ್ಯನ ಪ್ರಾಣಕ್ಕೆ ಇಷ್ಟು ಭದ್ರತೆ ಸಿಗುತ್ತದೆಂದಾದರೆ ವಾರದ ಸಭೆ ಬೇಡ ಎನ್ನುವುದು ಹೇಗೆ? ಆಶಾ ಕಾರ್ಯಕರ್ತೆಯರು ಬಂದ ಸಂಜೆ, ಅಂಚೆಯಣ್ಣ ಬಂದು ಸುಕನ್ಯಾ ಸಮೃದ್ಧಿ ಖಾತೆಯ ವಿವರ ಹೇಳಿದ ಸಂಜೆ ಕೂಡ ಸಭೆ ತುಂಬಿತ್ತು.

ಯುವಜನರ ಕಾರ್ಯಕ್ರಮಗಳಿಗೆ ಬಂದರೆ ಈ ವರ್ಷ ನಾವು ಕಲಿತದ್ದು ಹೆಚ್ಚು, ಕಲಿಸಿದ್ದು ಕಡಿಮೆ. 12ರಿಂದ 18 ವಯಸ್ಸಿನ ಮಕ್ಕಳ ಇಂಟರಾಕ್ಟ್ ಕ್ಲಬ್ಬು 1962ರಲ್ಲಿ ಅಮೆರಿಕದ ಫ್ಲಾರಿಡಾದ ಒಂದು ಪ್ರೌಢಶಾಲೆಯಲ್ಲಿ ಹುಟ್ಟಿದ್ದು. ನಮ್ಮ ಊರಿನಲ್ಲಿ ಅದು ಬಹುಕಾಲ ಪದಗ್ರಹಣಕ್ಕೆ ಬ್ಯಾಡ್ಜು ಹಚ್ಚಿಸಿಕೊಂಡು, ಗಾಂಧಿ ಜಯಂತಿಗೆ ಪೊರಕೆ ಹಿಡಿದು, ವರ್ಷದ ಕೊನೆಗೆ ಪ್ರಬಂಧ ಸ್ಪರ್ಧೆ ಬರೆದು ಮುಗಿಯುತ್ತಿತ್ತು. ಈ ಸಲ ಮಕ್ಕಳೇ ಒಂದು ಕೆಲಸ ಆರಿಸಿಕೊಂಡರು. 2024ರ ಮಳೆಗಾಲದಲ್ಲಿ ರಾಜ್ಯದ ತುಂಬ ಡೆಂಗಿ ಹರಡಿ ಸರ್ಕಾರವೇ ಅದನ್ನು ಸಾಂಕ್ರಾಮಿಕ ಎಂದು ಘೋಷಿಸಿದ್ದು ಎಲ್ಲರಿಗೂ ಗೊತ್ತು. ತಮ್ಮ ಮನೆಗಳಲ್ಲೇ ಜ್ವರ ಕಂಡ ಮಕ್ಕಳು, ಶಾಲೆಯ ಸುತ್ತಲಿನ ಎರಡು ಬೀದಿಗಳ ಮನೆಗಳನ್ನು ತಾವೇ ಹಂಚಿಕೊಂಡರು. ಆಶಾ ಕಾರ್ಯಕರ್ತೆ ಒಬ್ಬರು ಜೊತೆಗೆ, ವಿಜ್ಞಾನದ ಮೇಷ್ಟ್ರು ಹಿಂದೆ, ಕೈಯಲ್ಲಿ ಟಾರ್ಚು.

ಶುಕ್ರವಾರ ಮಧ್ಯಾಹ್ನ ಅವರೊಡನೆ ಸುತ್ತಿದವರಿಗೆ ಮಲೆನಾಡಿನ ಮನೆಯಲ್ಲಿ ನೀರು ನಿಲ್ಲುವ ಜಾಗಗಳು ಎಷ್ಟೆಂದು ಮೊದಲ ಸಲ ತಿಳಿಯಿತು. ಅಂಗಳದ ಮೂಲೆಯಲ್ಲಿ ಬಿದ್ದ ಅಡಿಕೆ ಹಾಳೆ, ಒಡೆದಿಟ್ಟ ತೆಂಗಿನ ಚಿಪ್ಪು, ಸೌದೆಗೆ ಹೊದಿಸಿದ ಟಾರ್ಪಾಲಿನ ಮಡಿಕೆ, ಕೊಟ್ಟಿಗೆಯ ಕಲಗಚ್ಚಿನ ಬಾನಿ, ಹೂವಿನ ಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು, ಯಾರ ಕಣ್ಣಿಗೂ ಬೀಳದ ಫ್ರಿಜ್ಜಿನ ಹಿಂಬದಿಯ ತಟ್ಟೆ. ಟಾರ್ಚು ಬಿಟ್ಟರೆ ಸೊಳ್ಳೆ ಮರಿಗಳು ಸರ್ರನೆ ತಳಕ್ಕೆ ಇಳಿಯುತ್ತವೆ. ಅದನ್ನು ಮನೆಯವರಿಗೆ ಕರೆದು ತೋರಿಸುವುದೇ ಮಕ್ಕಳ ಉಪಾಯ. ಭಾಷಣ ಬೇಕಾಗುವುದಿಲ್ಲ, ಕಣ್ಣಾರೆ ಕಂಡವರು ತಾವೇ ಚೆಲ್ಲುತ್ತಾರೆ. ಚೆಲ್ಲಿದರೆ ಸಾಲದು, ಪಾತ್ರೆಯ ಒಳಬದಿ ತಿಕ್ಕಬೇಕು, ಏಕೆಂದರೆ ಈಡಿಸ್ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದರೂ ಸಾಯುವುದಿಲ್ಲ, ನೀರು ತಾಗಿದರೆ ಮತ್ತೆ ಮರಿಯಾಗುತ್ತದೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಆದ್ದರಿಂದಲೇ ವಾರಕ್ಕೊಮ್ಮೆ. ತಿಂಗಳಿಗೊಮ್ಮೆ ಜಾಥಾ ಮಾಡಿ ಘೋಷಣೆ ಕೂಗಿದರೆ ನಡುವೆ ಮೂರು ಸಲ ಸೊಳ್ಳೆ ಎದ್ದು ಹಾರಿಹೋಗಿರುತ್ತದೆ ಎಂದು ಹತ್ತನೇ ತರಗತಿಯ ಹುಡುಗಿ ನಮ್ಮ ಸಭೆಯಲ್ಲೇ ನಿಂತು ಹೇಳಿದಳು. ಆ ಮಾತಿಗೆ ಜಾಥಾದಲ್ಲಿ ಮುಂದೆ ನಡೆದ ಹಿರಿಯರೂ ಚಪ್ಪಾಳೆ ತಟ್ಟಿದರು.

ಕೆಲವು ವಾರಗಳಾದ ಮೇಲೆ ಒಂದು ಮನೆಯ ಅಜ್ಜಿ, “ನೀವು ಬರ್ತೀರಿ ಅಂತ ಬೆಳಿಗ್ಗೆನೇ ಬಾನಿ ಮಗುಚಿ ಇಟ್ಟೆ ಕಣ್ರಮ್ಮ, ನೋಡ್ಕೊಳ್ಳಿ” ಎಂದು ಮಕ್ಕಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಮಕ್ಕಳ ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೂ ಒಂದು ಸಾಲು, ಪ್ರತಿ ವಾರಕ್ಕೂ ಒಂದು ಚೌಕ. ಮರಿ ಕಂಡರೆ ಕೆಂಪು ಚುಕ್ಕೆ, ಕಾಣದಿದ್ದರೆ ಹಸಿರು. ಪುಟ ತಿರುವಿದಂತೆ ಹಸಿರು ಹೆಚ್ಚುತ್ತ ಹೋದದ್ದನ್ನು ಎಲ್ಲರೂ ನೋಡಬಹುದು. ಪರೀಕ್ಷೆಯ ದಿನಗಳಲ್ಲಿ ಎರಡು ವಾರ ತಪ್ಪಿದಾಗ ಮತ್ತೆ ಕೆಂಪು ಬಂದದ್ದನ್ನೂ ಮಕ್ಕಳು ಮರೆಮಾಚದೆ ಹಾಗೆಯೇ ಇಟ್ಟಿದ್ದಾರೆ. ನಮ್ಮ ವಾರ್ಷಿಕ ವರದಿಗಿಂತ ಪ್ರಾಮಾಣಿಕವಾದ ದಾಖಲೆ ಅದು.

ರೋಟರಾಕ್ಟಿನ ಕಷ್ಟ ಬೇರೆ ಬಗೆಯದು. 1968ರಲ್ಲಿ ಶುರುವಾದ ಈ ಯುವ ವಿಭಾಗದ ಕ್ಲಬ್ಬುಗಳಿಗೆ 2019ರ ಶಾಸನ ಸಭೆ ಸಂಸ್ಥೆಯ ಸದಸ್ಯತ್ವ ಕೊಟ್ಟಿತು, ಮೂವತ್ತರ ವಯೋಮಿತಿಯೂ 2020ರಿಂದ ಹೋಯಿತು. ಆದರೆ ನಮ್ಮಂಥ ಊರಿನಲ್ಲಿ ಪದವಿ ಮುಗಿದ ಮಕ್ಕಳು ಉಳಿಯುವುದೇ ಇಲ್ಲ. ಬೆಂಗಳೂರಿನ ಬಸ್ಸು ಹತ್ತಿದರೆ ಗೌರಿ ಗಣೇಶಕ್ಕೋ ದೀಪಾವಳಿಗೋ ಬರುತ್ತಾರೆ, ಹಬ್ಬದ ಮರುದಿನ ರಾತ್ರಿ ಬಸ್ಸಿಗೆ ಹೊರಡುತ್ತಾರೆ. ಪ್ರತಿ ವರ್ಷ ಹೊಸಬರನ್ನು ಸೇರಿಸುವುದು, ಪ್ರತಿ ವರ್ಷ ಕಳೆದುಕೊಳ್ಳುವುದು. ಹೋದವರನ್ನು ಹೋದವರೆಂದು ಬಿಟ್ಟುಬಿಡದೆ ಅವರಿಗೇ ಕೆಲಸ ಹಚ್ಚಿದ್ದು ಈ ವರ್ಷದ ವಿಶೇಷ. ಸಿಇಟಿ ಬರೆದ ನಮ್ಮ ತಾಲ್ಲೂಕಿನ ಮಕ್ಕಳಿಗೆ ದಾಖಲೆ ಹೊಂದಿಸುವುದರಲ್ಲೇ ಸೀಟು ತಪ್ಪುವುದುಂಟು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಲ್ಲಿ ಒಂದು ಅಂಕಿ ಹೆಚ್ಚುಕಡಿಮೆ, ಅಂಕಪಟ್ಟಿಯ ಹೆಸರಿಗೂ ಪ್ರಮಾಣಪತ್ರದ ಹೆಸರಿಗೂ ಇನಿಷಿಯಲ್ ವ್ಯತ್ಯಾಸ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರ ಇಲ್ಲದಿರುವುದು. ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಇದ್ದರೂ ಒಂದು ಕಾಗದದ ಕೊರತೆಯಿಂದ ಅದು ಕೈತಪ್ಪಿದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ.

ಬೆಂಗಳೂರಿನಲ್ಲಿರುವ ನಮ್ಮ ಹಳೆಯ ರೋಟರಾಕ್ಟರುಗಳು ವಾರಾಂತ್ಯದಲ್ಲಿ ವೀಡಿಯೊ ಕರೆಯಲ್ಲಿ, ಇಲ್ಲಿರುವವರು ಕ್ಲಬ್ಬಿನ ಸಭಾಂಗಣದಲ್ಲಿ ಲ್ಯಾಪ್‌ಟಾಪು ಹಿಡಿದು ಕುಳಿತರು. ದಾಖಲೆಯ ಹೆಸರು, ಸಂಖ್ಯೆ, ದಿನಾಂಕ ಒಂದೊಂದಾಗಿ ತಾಳೆ ನೋಡಿದರು. ತಿದ್ದುಪಡಿ ಬೇಕಾದವರನ್ನು ನಾಡಕಚೇರಿಗೆ ಕಳಿಸಿ, ಆಗಿದೆಯೇ ಎಂದು ಮತ್ತೆ ಫೋನು ಮಾಡಿ ಕೇಳಿದರು. ಆಪ್ಷನ್ ಎಂಟ್ರಿಯ ಹೊತ್ತಿಗೆ ಯಾವ ಕಾಲೇಜಿಗೆ ಹಾಸ್ಟೆಲ್ ಇದೆ, ಯಾವುದಕ್ಕೆ ಬಸ್ಸಿದೆ, ಯಾವ ಕೋರ್ಸು ಹೆಸರಿಗಷ್ಟೇ ಹೊಸದು ಎಂಬುದನ್ನು ಅಲ್ಲೇ ಓದಿದವರ ಬಾಯಿಂದ ಮಕ್ಕಳು ಕೇಳಿದರು. ತಾವೇ ನಾಲ್ಕೈದು ವರ್ಷದ ಹಿಂದೆ ಸೈಬರ್ ಅಂಗಡಿಯ ಮುಂದೆ ದಿಕ್ಕು ತೋಚದೆ ನಿಂತಿದ್ದವರು ಇವರು. ನೆಟ್‌ವರ್ಕ್ ಕೈಕೊಟ್ಟಾಗ ಅಂಗಳದ ಮೂಲೆಗೆ ಹೋಗಿ ಫೋನು ಮೇಲೆತ್ತಿ ನಿಂತದ್ದೂ ನಡೆಯಿತು. ಇದಕ್ಕೆ ನಿಧಿ ಸಂಗ್ರಹ ಬೇಕಾಗಲಿಲ್ಲ, ಜಾಗತಿಕ ಅನುದಾನ ಬೇಕಾಗಲಿಲ್ಲ. ಬಾಗಿಲು ತೆರೆದಿಟ್ಟು, ಕರೆಂಟು, ಕಾಫಿ ಕೊಟ್ಟದ್ದಷ್ಟೇ ಹಿರಿಯರ ಪಾತ್ರ.

ಯುವ ನಾಯಕತ್ವ ಶಿಬಿರವಾದ ರೈಲಾ ಎರಡು ದಿನ ನಡೆಯಿತು, ಚೆನ್ನಾಗಿಯೇ ನಡೆಯಿತು. ಉಪನ್ಯಾಸಗಳು ಹೆಚ್ಚಾದವು ಎಂಬ ಒಂದೇ ಮಾತು ಅದರ ಬಗ್ಗೆ. ಅದೇ ಮಕ್ಕಳು ಆಮೇಲೆ ತಮ್ಮ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು, ಶಾಲೆ ಬಿಡುವ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಹೊರಟುಹೋಗುವ ಬಸ್ಸಿನ ಬಗ್ಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದದ್ದು ಉಪನ್ಯಾಸಗಳಿಗಿಂತ ದೊಡ್ಡ ಪಾಠ. ಬಸ್ಸಿನ ಸಮಯ ಇನ್ನೂ ಬದಲಾಗಿಲ್ಲ. ಹೊಸ ತಂಡ ಆ ಅರ್ಜಿಯ ಬೆನ್ನು ಹತ್ತಬೇಕು.

ಒಂದು ವಿಷಯದಲ್ಲಿ ವರ್ಷ ಬರಿದಾಗಿಯೇ ಹೋಯಿತು, ಹೇಳದೆ ಇರಲಾಗದು. ನಮ್ಮ ಸದಸ್ಯರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಬೆರಳೆಣಿಕೆಯಷ್ಟೇ. 1978ರಲ್ಲಿ ಕ್ಯಾಲಿಫೋರ್ನಿಯಾದ ಡ್ವಾರ್ಟೆ ಎಂಬ ಚಿಕ್ಕ ಊರಿನ ಕ್ಲಬ್ಬು ಮಹಿಳೆಯರನ್ನು ಸೇರಿಸಿಕೊಂಡಿತೆಂದು ಅದರ ಮಾನ್ಯತೆಯನ್ನೇ ರದ್ದು ಮಾಡಲಾಗಿತ್ತು. ಅವರು ಸುಮ್ಮನಾಗದೆ ನ್ಯಾಯಾಲಯಕ್ಕೆ ಹೋದರು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು, 1989ರಲ್ಲಿ ರೋಟರಿ ತನ್ನ ನಿಯಮವನ್ನೇ ಬದಲಿಸಿತು. 2022ರಲ್ಲಿ ಜೆನಿಫರ್ ಜೋನ್ಸ್ ಅಂತರರಾಷ್ಟ್ರೀಯ ಅಧ್ಯಕ್ಷರಾದರು. ಇಷ್ಟಾದರೂ ನಮ್ಮ ಊರಿನ ಶಿಕ್ಷಕಿ, ವೈದ್ಯೆ, ಬ್ಯಾಂಕಿನ ವ್ಯವಸ್ಥಾಪಕಿ ನಮ್ಮ ಸಭೆಗೆ ಬರುವುದು ಸದಸ್ಯರ ಪತ್ನಿಯಾಗಿಯೇ. ಊಟದ ಏರ್ಪಾಡು, ರಂಗೋಲಿ, ಪ್ರಾರ್ಥನೆ ಅವರ ಪಾಲು. ಶೌಚಾಲಯದ ಚಿಲಕ ಒಳಗಿನಿಂದ ಇರಬೇಕೆಂದು, ಕಸದ ಡಬ್ಬಿಗೆ ಮುಚ್ಚಳ ಬೇಕೆಂದು ಹೇಳಿದವರು ಅವರೇ. ಕಟ್ಟಿಸುವಾಗ ಆ ಮಾತು ಕೇಳುವ ಜಾಗದಲ್ಲಿ ಅವರು ಇರಲಿಲ್ಲ, ಬೀಗ ಬೀಳಲು ಅದೂ ಒಂದು ಕಾರಣ. ನಿಯೋಜಿತ ಅಧ್ಯಕ್ಷರು ಹೊಸ ಸದಸ್ಯರ ಪಟ್ಟಿಯನ್ನು ಇಲ್ಲಿಂದಲೇ ಶುರುಮಾಡಲಿ ಎಂಬುದು ನಮ್ಮ ಆಗ್ರಹ.

ಮುಂದಿನ ದಿನಗಳ ಕಾರ್ಯಕ್ರಮಗಳು ಗೊತ್ತೇ ಇವೆ. ಜುಲೈ 1ರಂದು ವೈದ್ಯರ ದಿನ, ಲೆಕ್ಕ ಪರಿಶೋಧಕರ ದಿನ ಎರಡೂ ಒಟ್ಟಿಗೆ ಬರುತ್ತವೆ, ಸನ್ಮಾನವಿದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಸಭೆಗೆ ಕರೆಸುವ ಬದಲು ನಾವೇ ಅಲ್ಲಿಗೆ ಹೋಗಿ, ಹೊರರೋಗಿಗಳ ಸಾಲಿನಲ್ಲಿ ಕುಳಿತುಕೊಳ್ಳಲು ಬೆಂಚು ಬೇಕೋ ಕುಡಿಯುವ ನೀರು ಬೇಕೋ ಕೇಳಿ ಬರೋಣವೆಂದು ಹೊಸ ತಂಡ ಯೋಚಿಸಿದೆ, ಒಳ್ಳೆಯ ಯೋಚನೆ. ಪದಗ್ರಹಣ ಸಮಾರಂಭ ಜುಲೈ ಮೊದಲ ಭಾಗದಲ್ಲಿ. ವೇದಿಕೆಯಲ್ಲಿ ಕುರ್ಚಿ ಕಡಿಮೆ ಇರಲಿ, ಸ್ಮರಣಿಕೆಗೆ ಎತ್ತಿಟ್ಟ ಹಣ ಕನ್ನಡಕದ ರಿಪೇರಿ ನಿಧಿಗೆ ಹೋಗಲಿ.

ವನಮಹೋತ್ಸವಕ್ಕೆ ಅರಣ್ಯ ಇಲಾಖೆಯ ನರ್ಸರಿಯಿಂದ ನೇರಳೆ, ಹಲಸು, ಹೊನ್ನೆ ಸಸಿಗಳನ್ನು ಕೇಳಿದ್ದೇವೆ. ಹೋದ ವರ್ಷ ನೆಟ್ಟವುಗಳಲ್ಲಿ ದನ ಮೇಯ್ದು ಹೋದದ್ದೇ ಹೆಚ್ಚು. ಈ ಸಲ ನೆಡುವ ಸಂಖ್ಯೆ ಕಡಿಮೆ ಮಾಡಿ, ಪ್ರತಿ ಸಸಿಗೂ ಮುಳ್ಳಿನ ಬೇಲಿ, ಪ್ರತಿ ಸಸಿಗೂ ಒಬ್ಬ ಇಂಟರಾಕ್ಟ್ ಹುಡುಗ ಅಥವಾ ಹುಡುಗಿಯ ಜೊತೆ ಒಬ್ಬ ಸದಸ್ಯರು ಎಂದು ಗೊತ್ತುಮಾಡಿದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನೀರು ಹಾಕುವವರು ಯಾರೆಂಬುದು ಜುಲೈನಲ್ಲೇ ಬರೆದಿಡಬೇಕು.

ಸೆಪ್ಟೆಂಬರ್ 5ಕ್ಕೆ ಶಿಕ್ಷಕರು, 15ಕ್ಕೆ ವಿಶ್ವೇಶ್ವರಯ್ಯನವರ ಜನ್ಮದಿನದಂದು ಎಂಜಿನಿಯರುಗಳು. ಅವರೊಡನೆ ಈ ಬಾರಿ ಲೈನ್‌ಮನ್ನರನ್ನೂ ನೀರು ಬಿಡುವ ವಾಟರ್‌ಮನ್‌ಗಳನ್ನೂ ಕರೆಯಬೇಕೆಂಬ ಸಲಹೆ ಬಂದಿದೆ. ಅಕ್ಟೋಬರ್ 24 ವಿಶ್ವ ಪೋಲಿಯೊ ದಿನ. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಸ್ಸು ಇನ್ನೂ ಉಳಿದಿರುವಾಗ ನಮ್ಮ ತಾಲ್ಲೂಕಿನಲ್ಲಿ ಲಸಿಕೆ ತಪ್ಪಿದ ಮಕ್ಕಳಿದ್ದಾರೆಯೆ, ತೋಟದ ಕೂಲಿಗೆ ಬಂದು ಹೋಗುವ ಉತ್ತರದ ರಾಜ್ಯಗಳ ಕುಟುಂಬಗಳ ಮಕ್ಕಳಿಗೆ ತಾಯಿ ಕಾರ್ಡು ಇದೆಯೆ ಎಂದು ಆ ವಾರ ಲೈನ್ ಮನೆಗಳಿಗೆ ಹೋಗಿ ನೋಡುವುದು ಹಾರ ಹಾಕುವುದಕ್ಕಿಂತ ಉಪಯೋಗದ ಕೆಲಸ. ರೋಟರಿ ಜಿಲ್ಲಾ ಗವರ್ನರರ ಅಧಿಕೃತ ಭೇಟಿಯ ದಿನ ನಿಗದಿಯಾದ ಮೇಲೆ ತಿಳಿಸಲಾಗುವುದು. ಅವರಿಗೆ ಹೊಸ ಯೋಜನೆಯ ಉದ್ಘಾಟನೆ ಇಟ್ಟುಕೊಳ್ಳದೆ ಹಳೆಯ ಶೌಚಾಲಯವನ್ನೂ ಮಕ್ಕಳ ನೋಟ್‌ಬುಕ್ಕನ್ನೂ ತೋರಿಸೋಣ.

ಇಂಟರಾಕ್ಟ್ ಪದಗ್ರಹಣ ಜುಲೈನ ಎರಡನೆಯ ಶುಕ್ರವಾರ ಶಾಲೆಯಲ್ಲೇ ನಡೆಯಲಿದೆ. ಮಕ್ಕಳು ತಮ್ಮ ಎರಡು ಬೀದಿಗಳನ್ನು ನಾಲ್ಕು ಮಾಡಿಕೊಳ್ಳಲು ಸಿದ್ಧರಿದ್ದಾರೆ, ಪ್ರತಿ ಗುಂಪಿನೊಡನೆ ಒಬ್ಬ ಹಿರಿಯರು ಬೇಕು. ಮಳೆ ಸುರಿಯುತ್ತಿದ್ದರೂ ಸುತ್ತಾಟ ನಿಲ್ಲುವುದಿಲ್ಲ. ಕೊಡೆ, ಟಾರ್ಚು ತಂದು, ಶುಕ್ರವಾರ ಮಧ್ಯಾಹ್ನ ಒಂದು ತಾಸು ಬಿಡುವು ಮಾಡಿಕೊಳ್ಳಬಲ್ಲ ಸದಸ್ಯರು ತಮ್ಮ ಹೆಸರನ್ನು ಪದಗ್ರಹಣದ ಹಿಂದಿನ ವಾರದ ಸಭೆಯಲ್ಲಿ ಕಾರ್ಯದರ್ಶಿಗಳಿಗೆ ಬರೆಸಬೇಕು. ವರ್ಷಪೂರ್ತಿ ಬರಲಾಗುವವರ ಹೆಸರು ಮಾತ್ರ ಸಾಕೆಂದು ಮಕ್ಕಳು ಹೇಳಿದ್ದಾರೆ.